ಅರ್ಧ ಸೆಕೆಂಡಿನ ಮೌನ

ಕ್ಯಾಸೆಟ್ ಕೆಟ್ಟರೆ ಗೊತ್ತಾಗುತ್ತಿತ್ತು. ಹಾಡು ಎಳೆಯುತ್ತಿತ್ತು, ಗಾಯಕರ ದನಿ ನಿದ್ದೆಗಣ್ಣಿನವರ ಹಾಗೆ ತೂಗಾಡುತ್ತಿತ್ತು. ರೇಡಿಯೋ ಕೆಟ್ಟರೆ ಗೊರಗೊರ ಅನ್ನುತ್ತಿತ್ತು. ಎರಡೂ ಪೂರ್ತಿ ನಿಲ್ಲುವ ಮುಂಚೆ ಸಾಕಷ್ಟು ದಿನ ನರಳಿ, ಮನೆಯವರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದವು. ಡಿಜಿಟಲ್ ಸಾಧನಗಳಿಗೆ ಈ ಅಭ್ಯಾಸ ಇಲ್ಲ. ಚೆನ್ನಾಗಿ ಹಾಡುತ್ತಾ ಇರುತ್ತವೆ, ಇದ್ದಕ್ಕಿದ್ದ ಹಾಗೆ ಅರ್ಧ ಸೆಕೆಂಡು ಮೌನ. ಆಮೇಲೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಹಾಡು ಮುಂದುವರಿಯುತ್ತೆ.

ಮೈಸೂರಿನ ನಮ್ಮ ಮನೆಯಲ್ಲಿ ಈ ಅರ್ಧ ಸೆಕೆಂಡಿನ ಮೌನ ಎಂಟು ತಿಂಗಳಿಂದ ಇತ್ತಂತೆ. ಅಪ್ಪ ಯಾರಿಗೂ ಹೇಳಿರಲಿಲ್ಲ. ಕೆಟ್ಟಿರುವುದು ತಮ್ಮ ಕಿವಿ ಅಂತ ಅವರು ತೀರ್ಮಾನ ಮಾಡಿಕೊಂಡಿದ್ದರು.

ಮೊದಲು ಆ ಡಬ್ಬಿಯ ಬಗ್ಗೆ ಹೇಳಿಬಿಡ್ತೀನಿ. ಅಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಈಗ 74 ವರ್ಷ. 2005ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ನಾಲ್ಕೈದು ಸಲ ಓಡಾಡಿ, ಬಿಡಿಭಾಗಗಳನ್ನು ಒಂದೊಂದಾಗಿ ತಂದು, ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಒಂದು ಡ್ಯಾಕ್ ಕಟ್ಟಿದ್ದರು. ಡ್ಯಾಕ್ ಅಂದರೆ ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ಸ್ಪೀಕರ್‌ಗೆ ಬೇಕಾದ ಅಲೆಯಾಗಿ ಬದಲಾಯಿಸುವ ಸಾಧನ. ನಿಮ್ಮ ಬ್ಲೂಟೂತ್ ಇಯರ್‌ಬಡ್ ಒಳಗೂ ಅಂಥದ್ದೊಂದು ಪುಟ್ಟದು ಇದೆ. ಅಪ್ಪನದು ದಪ್ಪ ಪುಸ್ತಕದಷ್ಟಿರುವ ಅಲ್ಯೂಮಿನಿಯಂ ಪೆಟ್ಟಿಗೆ. ಅಮ್ಮ ಇಪ್ಪತ್ತು ವರ್ಷದಿಂದ ಅದನ್ನು ಕರೆಯುವುದು 'ನಿಮ್ಮ ಡಬ್ಬಿ' ಅಂತಲೇ.

ಡಬ್ಬಿಯ ಒಳಗೆ ಸಂಕೇತವನ್ನು ಓದಿಕೊಳ್ಳಲು ಸಿ.ಎಸ್. 8414 ಅನ್ನುವ ಒಂದು ಚಿಪ್ಪು, ಅಲೆಯಾಗಿಸಲು ಟಿ.ಡಿ.ಎ. 1543 ಅನ್ನುವ ಎರಡು ಚಿಪ್ಪು. ಮನೆಯಲ್ಲೇ ಡ್ಯಾಕ್ ಕಟ್ಟುವವರಿಗೆ ಆ ಕಾಲದಲ್ಲಿ ತುಂಬ ಇಷ್ಟವಾಗಿದ್ದ ಜೋಡಿ ಅದು. ಇದರ ಜೊತೆಗೆ ಒಂದು ಟ್ರಾನ್ಸ್‌ಫಾರ್ಮರ್, ಐದು ವೋಲ್ಟ್ ಕೊಡುವ 7805 ರೆಗ್ಯುಲೇಟರ್, ಮತ್ತೆ ಕೆಲವು ಕೆಪಾಸಿಟರ್. ಇನ್ನೊಂದು ಸಂಗತಿ ಇದೆ, ನೆನಪಿಟ್ಟುಕೊಳ್ಳಿ. ಬರುವ ಸಂಕೇತ ತಪ್ಪಿದ ಕ್ಷಣದಲ್ಲಿ ಸ್ಪೀಕರ್ ಚರಚರ ಅನ್ನಬಾರದು ಅಂತ ಅಪ್ಪ ಅಲ್ಲೊಂದು ಟ್ರಾನ್ಸಿಸ್ಟರ್ ಕೂರಿಸಿದ್ದರು. ಚಿಪ್ಪು 'ನನಗೆ ಸಂಕೇತ ಸಿಗುತ್ತಿಲ್ಲ' ಅಂದ ಕೂಡಲೇ ಅದು ಶಬ್ದವನ್ನು ಮುಚ್ಚಿಬಿಡುತ್ತೆ. ಬಹಳ ಅಚ್ಚುಕಟ್ಟಾದ ಕೆಲಸ.

ಕಳೆದ ವರ್ಷ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆಫೀಸಿನಲ್ಲಿ ಕೇಳಿಕೊಂಡು ಮೂರು ವಾರ ಮೈಸೂರಿನಿಂದಲೇ ಕೆಲಸ ಮಾಡಲು ಬಂದೆ. ಬಂದ ಎರಡನೇ ದಿನ, ಕಣ್ಣಿನ ಹನಿಯ ಚೀಟಿ ಹುಡುಕುತ್ತಾ ಅಪ್ಪನ ಮೇಜಿನ ಡ್ರಾಯರ್ ತೆಗೆದಾಗ ಒಂದು ಆಡಿಯೋಗ್ರಾಮ್ ಸಿಕ್ಕಿತು, ಅಂದರೆ ಕಿವಿ ಪರೀಕ್ಷೆಯ ನಕ್ಷೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯದು, ಎರಡು ತಿಂಗಳ ಹಿಂದಿನದು. ಅಪ್ಪ ಒಬ್ಬರೇ ಸಿಟಿ ಬಸ್ಸಿನಲ್ಲಿ ಹೋಗಿ ಮಾಡಿಸಿಕೊಂಡು ಬಂದಿದ್ದರು. ಅಮ್ಮನಿಗೂ ಗೊತ್ತಿರಲಿಲ್ಲ.

ಆ ಕಾಗದ ನೋಡಿದ ಮೇಲೆ ಉಳಿದ ಸಣ್ಣಪುಟ್ಟ ವಿಷಯಗಳು ಒಂದಕ್ಕೊಂದು ಕೂಡಿಕೊಂಡವು. ಅಪ್ಪ ಫೋನ್ ಎತ್ತುವುದು ಕಡಿಮೆಯಾಗಿತ್ತು, ಸ್ಪೀಕರಿನಲ್ಲಿ ಹಾಕಿ ಅಮ್ಮನ ಕೈಗೆ ಕೊಡುತ್ತಿದ್ದರು. ಬೀದಿ ಕೊನೆಯ ಗಣಪತಿ ದೇವಸ್ಥಾನದ ಸಂಗೀತ ಕಾರ್ಯಕ್ರಮಕ್ಕೆ ಈ ಸಲ ಹೋಗಿರಲಿಲ್ಲ. ಸಂಜೆ ಏಳಕ್ಕೆ ತಪ್ಪದೆ ಹಾಕುತ್ತಿದ್ದ ಸಂಗೀತವನ್ನು ವಾರಕ್ಕೆರಡು ಸಲಕ್ಕೆ ಇಳಿಸಿದ್ದರು. ಕೇಳಿದರೆ "ಯಾಕೋ ಮನಸ್ಸಿಲ್ಲ ಪುಟ್ಟಿ" ಅನ್ನುತ್ತಿದ್ದರು.

ಕಾಗದದ ವಿಷಯ ನಾನು ಎತ್ತಲಿಲ್ಲ. ಅವತ್ತು ಸಂಜೆ, "ದೊರೆಸ್ವಾಮಿ ಅಯ್ಯಂಗಾರ್ ವೀಣೆ ಹಾಕಿ ಅಪ್ಪಾ, ಕೇಳಿ ಎಷ್ಟು ದಿನ ಆಯ್ತು" ಅಂದೆ. ಹಾಕಿದರು. ಹತ್ತು ನಿಮಿಷ ಆಗಿರಬಹುದು. ಆಲಾಪನೆಯಲ್ಲಿ ಒಂದು ಮೀಟು ಬಿದ್ದು, ಅದರ ನಾದ ಇನ್ನೂ ನಿಧಾನವಾಗಿ ಇಳಿಯುತ್ತಾ ಇದೆ ಅನ್ನುವಾಗ, ಪಟ್ಟನೆ ಏನೂ ಇಲ್ಲ. ಅರ್ಧ ಸೆಕೆಂಡು. ಮತ್ತೆ ವೀಣೆ.

"ಅಪ್ಪಾ, ಈಗ ಕಟ್ಟಾಯ್ತಲ್ಲ?" ಅಂದೆ.

ಅಪ್ಪ ನನ್ನ ಕಡೆ ತಿರುಗಿ ನೋಡಿದ ರೀತಿ ನಾನು ಮರೆಯುವುದಿಲ್ಲ. "ನಿನಗೂ ಕೇಳಿಸ್ಲಿಲ್ವಾ?" ಅಂದರು.

ಆ ಟ್ರಾನ್ಸಿಸ್ಟರ್ ನೆನಪಿದೆಯಲ್ಲ? ಸಂಕೇತ ತಪ್ಪಿದಾಗ ಚರಚರ ಅಂದಿದ್ದರೆ ಯಾರಿಗಾದರೂ ಡಬ್ಬಿಯ ಮೇಲೆ ಅನುಮಾನ ಬರುತ್ತಿತ್ತು. ಅಪ್ಪ ಅದನ್ನು ಎಷ್ಟು ನಾಜೂಕಾಗಿ ಮಾಡಿದ್ದರೆಂದರೆ, ದೋಷ ಬಂದಾಗ ಉಳಿಯುತ್ತಿದ್ದದ್ದು ಶುದ್ಧ ಮೌನ. ಅದೂ ವೀಣೆಯಲ್ಲಿ, ಪ್ರತಿ ಮೀಟೂ ತಾನಾಗಿಯೇ ಮೌನದ ಕಡೆಗೆ ಇಳಿಯುವ ವಾದ್ಯದಲ್ಲಿ. ಒಬ್ಬರೇ ಕೂತು ಕೇಳುವ 74 ವರ್ಷದವರಿಗೆ, ನಾದದ ಬಾಲ ನನ್ನ ಕಿವಿಗೆ ಸಿಗುತ್ತಿಲ್ಲ ಅಂತ ಅನ್ನಿಸಿದರೆ ಆಶ್ಚರ್ಯವಿಲ್ಲ.

ಮಾರನೇ ದಿನದಿಂದ ರಿಪೇರಿ ಶುರು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಸಂಬಳ ಬರುವುದು ಸಾಫ್ಟ್‌ವೇರ್‌ನಿಂದ. ಸೋಲ್ಡರಿಂಗ್ ಐರನ್ ಹಿಡಿದು ಹತ್ತು ವರ್ಷ ಆಗಿತ್ತು. ಆದರೆ ಆಫೀಸಿನಲ್ಲಿ ಬಗ್ ಹುಡುಕುವವರಿಗೆ ಒಂದು ನಿಯಮ ಗೊತ್ತಿರುತ್ತೆ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎಕ್ಸ್‌ಚೇಂಜಿನವರಿಗೆ ಇನ್ನೊಂದು ನಿಯಮ ಗೊತ್ತಿರುತ್ತೆ: ಮೊದಲು ಬರೆದಿಡಬೇಕು. 198ಕ್ಕೆ ಬರುತ್ತಿದ್ದ ದೂರುಗಳನ್ನು ವರ್ಷಗಟ್ಟಲೆ ನೋಡಿಕೊಂಡ ಅಪ್ಪ, ಒಂದು ಹಳೇ ಲೆಡ್ಜರ್ ತೆಗೆದು ಗೆರೆ ಎಳೆದರು. ದಿನಾಂಕ, ಗಂಟೆ, ಯಾವ ಹಾಡು, ಹಾಡಿನ ಎಷ್ಟನೇ ನಿಮಿಷ, ಎಷ್ಟು ಹೊತ್ತು, ಷರಾ.

ಈ ಲೆಡ್ಜರಿನಿಂದ ಮೊದಲ ಎರಡು ಪ್ರಶ್ನೆಗಳಿಗೆ ಡಬ್ಬಿ ಬಿಚ್ಚದೆಯೇ ಉತ್ತರ ಸಿಕ್ಕಿತು. ನಿಮ್ಮ ಮನೆಯಲ್ಲೂ ಇಂಥ ತೊಂದರೆ ಇದ್ದರೆ ಇಲ್ಲಿಂದಲೇ ಶುರು ಮಾಡಿ.

ಮೊದಲನೆಯದು, ಹಾಡು ಪ್ರತಿ ಸಲವೂ ಅದೇ ಜಾಗದಲ್ಲಿ ಕಟ್ಟಾಗುತ್ತದೆಯೇ? ಅದೇ ಜಾಗ ಆದರೆ ದೋಷ ಸಿ.ಡಿ.ಯಲ್ಲೋ ಫೈಲಿನಲ್ಲೋ ಇರುತ್ತೆ. ನಮ್ಮಲ್ಲಿ ಒಂದೇ ವೀಣೆಯ ಕಛೇರಿ ಮೂರು ಸಲ ಹಾಕಿದಾಗ ಮೂರು ಬೇರೆ ಬೇರೆ ಕಡೆ ಕಟ್ಟಾಯಿತು. ಹಾಗಾಗಿ ಸಿ.ಡಿ. ನಿರಪರಾಧಿ.

ಎರಡನೆಯದು, ಎಡ ಬಲ ಎರಡೂ ಸ್ಪೀಕರ್ ಒಟ್ಟಿಗೆ ಸುಮ್ಮನಾಗುತ್ತವೆಯೇ? ಒಂದೇ ಸುಮ್ಮನಾದರೆ ತೊಂದರೆ ಅಂಕಿಯಿಂದ ಅಲೆಯಾದ ಮೇಲಿನ ಭಾಗದಲ್ಲಿ, ಅಂದರೆ ಆಂಪ್ಲಿಫೈಯರ್, ಸ್ಪೀಕರ್ ವೈರು ಇತ್ಯಾದಿಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಎರಡೂ ಒಟ್ಟಿಗೆ. ಹಾಗಾದರೆ ಹುಡುಕಬೇಕಾದದ್ದು ಅಂಕಿ ಬರುವ ದಾರಿಯಲ್ಲಿ, ಇಲ್ಲವೇ ಎಲ್ಲಕ್ಕೂ ಕರೆಂಟು ಕೊಡುವ ಭಾಗದಲ್ಲಿ.

ಅಂಕಿ ಬರುವ ದಾರಿ ಸ್ವಾರಸ್ಯವಾಗಿದೆ. ಸಿ.ಡಿ.ಯಲ್ಲಿ ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಎಡಕ್ಕೊಂದು ಬಲಕ್ಕೊಂದು 16 ಬಿಟ್‌ನ ಅಂಕಿ ಬರೆದಿರುತ್ತಾರೆ. ಪ್ಲೇಯರಿನಿಂದ ಡ್ಯಾಕ್‌ಗೆ ಈ ಅಂಕಿಗಳನ್ನು ಸಾಗಿಸುವ ಪದ್ಧತಿಯನ್ನು ಎಸ್‌ಪಿಡಿಫ್ ಅನ್ನುತ್ತಾರೆ. ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ್ದು, ಹೆಸರಿನಲ್ಲಿರುವ ಮೊದಲಕ್ಷರಗಳು ಅವರವೇ. ಗುರುತಿನ ಬಿಟ್‌ಗಳೂ ಸೇರಿ ಪ್ರತಿ ಜೋಡಿ ಅಂಕಿ 64 ಬಿಟ್ ಆಗಿ ಹೊರಡುತ್ತೆ. ಅಂದರೆ ಸೆಕೆಂಡಿಗೆ 28,22,400 ಬಿಟ್, ಒಂದೇ ಕೇಬಲ್ಲಿನಲ್ಲಿ.

ಇದರಲ್ಲಿ ಕಷ್ಟದ ಕೆಲಸ ತಾಳದ್ದು. ಪ್ರತಿ ಬಿಟ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಹೇಳುವವರು ಬೇರೆ ಯಾರೂ ಇಲ್ಲ, ಅದಕ್ಕೆಂದು ಬೇರೆ ತಂತಿಯೂ ಇಲ್ಲ. ತಾಳವನ್ನು ಅಂಕಿಗಳ ಜೊತೆಗೇ ಹೆಣೆದು ಕಳಿಸಿರುತ್ತಾರೆ. ಕಛೇರಿಯಲ್ಲಿ ಯಾರೂ ತಾಳ ಹಾಕದೆ ಇದ್ದರೂ ಮೃದಂಗದವರು ಹಾಡಿನ ನಡೆ ಕೇಳಿಯೇ ತಾಳ ಹಿಡಿಯುತ್ತಾರಲ್ಲ, ಸಿ.ಎಸ್. 8414 ಮಾಡುವ ಕೆಲಸ ಹೆಚ್ಚುಕಡಿಮೆ ಅದೇ. ಬರುವ ಸಂಕೇತವನ್ನು ಗಮನಿಸುತ್ತಾ ತನ್ನ ಗಡಿಯಾರವನ್ನು ಅದಕ್ಕೆ ಕೂಡಿಸಿಕೊಳ್ಳುತ್ತಾ ಇರುತ್ತೆ. ಇದನ್ನು 'ಲಾಕ್' ಅನ್ನುತ್ತಾರೆ. ಒಂದು ಸಲ ತಾಳ ತಪ್ಪಿದರೆ ಮುಂದಿನ ಅಂಕಿ ಯಾವುದೂ ಅರ್ಥವಾಗುವುದಿಲ್ಲ. ಮತ್ತೆ ಹಿಡಿಯುವವರೆಗೆ ಸುಮ್ಮನಿರುವುದೊಂದೇ ದಾರಿ.

ಡಿಜಿಟಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ಹಾಳಾಗುವುದು ಯಾಕೆ ಕಿವಿಗೆ ಕೇಳಿಸಲ್ಲ ಅಂತ ಅಮ್ಮ ಕೇಳಿದಾಗ ನಾನು ಯುಪಿಐ ಉದಾಹರಣೆ ಕೊಟ್ಟೆ. ಖಾತೆಯಲ್ಲಿ ಐವತ್ತು ಸಾವಿರ ಇದ್ದರೂ ಐವತ್ತು ರೂಪಾಯಿ ಇದ್ದರೂ ಹದಿನೈದು ರೂಪಾಯಿ ಟೀಗೆ ದುಡ್ಡು ಹೋಗುವುದು ಒಂದೇ ಥರ, ಟೀ ಅಂಗಡಿಯವನಿಗೆ ವ್ಯತ್ಯಾಸ ಗೊತ್ತಾಗಲ್ಲ. ಖಾತೆಯಲ್ಲಿ ಹದಿನಾಲ್ಕು ರೂಪಾಯಿ ಉಳಿದ ದಿನ ಮಾತ್ರ ಗೊತ್ತಾಗುತ್ತೆ. ಆದರೆ ಖಾಲಿಯಾಗಲು ಶುರುವಾಗಿದ್ದು ಅವತ್ತಲ್ಲ. ಆದ್ದರಿಂದ ಹಾಡು ಕಟ್ಟಾದ ಕ್ಷಣವನ್ನು ಮಾತ್ರ ನೋಡಿದರೆ ಸಾಲದು. ಉಳಿತಾಯವನ್ನು ಇಷ್ಟು ದಿನ ಯಾರು ತಿಂದರು ಅಂತ ಹುಡುಕಬೇಕು.

ಹುಡುಕಿದೆವು. ಮೊದಲು ಪ್ಲೇಯರ್. ಹಳೇ ಡಿ.ವಿ.ಡಿ. ಪ್ಲೇಯರ್ ಬದಲು ಟಿ.ವಿ.ಯಿಂದ ಸಂಕೇತ ಕೊಟ್ಟೆವು, ಆಗಲೂ ಕಟ್ಟಾಯಿತು. ಟಿ.ವಿ.ಯದು ಬೆಳಕಿನಲ್ಲಿ ಸಂಕೇತ ಕಳಿಸುವ ಆಪ್ಟಿಕಲ್ ಕೇಬಲ್, ಡಿ.ವಿ.ಡಿ.ಯದು 75 ಓಮ್‌ನ ತಾಮ್ರದ ಕೇಬಲ್. ಎರಡರಲ್ಲೂ ಅದೇ ಕಥೆ ಅಂದಮೇಲೆ ಕೇಬಲ್, ಪಿನ್ನು, ಗ್ರೌಂಡ್ ಇವೆಲ್ಲದರ ಮೇಲಿನ ಅನುಮಾನ ಹೋಯಿತು. ಇಲ್ಲಿ ಒಂದು ಮಾತು. ಬಹಳ ಮನೆಗಳಲ್ಲಿ ತೊಂದರೆ ಇರುವುದು ಇದೇ ಹಂತದಲ್ಲಿ. ಸಾಮಾನ್ಯ ಆಡಿಯೋ ಕೇಬಲ್ಲಿನ ತುದಿಯೂ ಡಿಜಿಟಲ್ ಕೇಬಲ್ಲಿನ ತುದಿಯೂ ನೋಡಲು ಒಂದೇ ಥರ, ಹಾಗಾಗಿ ಯಾವುದೋ ಒಂದನ್ನು ಸಿಕ್ಕಿಸಿರುತ್ತಾರೆ. 75 ಓಮ್ ಇಲ್ಲದ ಕೇಬಲ್ಲಿನಲ್ಲಿ ಸಂಕೇತ ತುದಿಗೆ ಬಡಿದು ಸ್ವಲ್ಪ ಹಿಂದಕ್ಕೆ ಪುಟಿಯುತ್ತೆ, ತಾಳದ ಅಂಚು ಮಸುಕಾಗುತ್ತೆ. ಆಪ್ಟಿಕಲ್ ಆದರೆ ಕೇಬಲ್ಲನ್ನು ತೀರಾ ಬಗ್ಗಿಸಿದ್ದರೆ, ತುದಿಯಲ್ಲಿ ಧೂಳು ಕೂತಿದ್ದರೆ ಬೆಳಕು ಕಡಿಮೆಯಾಗುತ್ತೆ. ಕೇಬಲ್ ಬದಲಾಯಿಸಿ ನೋಡುವುದು ಐದು ನಿಮಿಷದ ಕೆಲಸ, ಅದನ್ನು ಮೊದಲು ಮಾಡಿ.

ಆಮೇಲೆ ಡಬ್ಬಿ ಬಿಚ್ಚಿದೆವು. ಪ್ಲಗ್ ಕಿತ್ತು, ಕೆಪಾಸಿಟರಿನಲ್ಲಿ ಉಳಿದಿದ್ದ ಚಾರ್ಜ್ ಇಳಿಸಿ, ಆಮೇಲೆಯೇ ಕೈ ಹಾಕಿದ್ದು. ಒಳಗಿನ ಬೆಸುಗೆಗಳು ಇಪ್ಪತ್ತು ವರ್ಷ ಆದರೂ ಮುತ್ತಿನ ಹಾಗೆ ಇದ್ದವು. ಲೆನ್ಸ್ ಹಿಡಿದು ಒಂದೊಂದನ್ನೇ ನೋಡಿದೆ, ಬಿರುಕಿಲ್ಲ. "ಆವಾಗ ಕೈ ನಡುಗ್ತಿರಲಿಲ್ಲ" ಅಂದರು ಅಪ್ಪ. ನಾನು ಏನೂ ಹೇಳಲಿಲ್ಲ.

ಅವತ್ತು ಸೇರಿಸಿದ್ದು ಒಂದೇ ವಸ್ತು, ಒಂದು ಕೆಂಪು ಎಲ್ಇಡಿ. ಲಾಕ್ ತಪ್ಪಿದಾಗ ಸಿ.ಎಸ್. 8414 ದೋಷ ಸೂಚಿಸುವ ಒಂದು ಪಿನ್ ಇದೆ. ಅಪ್ಪನ ಮೌನದ ಟ್ರಾನ್ಸಿಸ್ಟರಿಗೆ ಆಜ್ಞೆ ಕೊಡುತ್ತಿದ್ದದ್ದು ಅದೇ. ಆ ಪಿನ್ನಿನಿಂದ ಇನ್ನೊಂದು ಟ್ರಾನ್ಸಿಸ್ಟರ್ ಮೂಲಕ ಎಲ್ಇಡಿಗೆ ತಂತಿ ಎಳೆದೆವು. ಅಪ್ಪ ಜಾಗ ತೋರಿಸಿದರು, ನಾನು ಬೆಸುಗೆ ಹಾಕಿದೆ.

ಸಂಜೆ ಏಳೂಕಾಲಿಗೆ ವೀಣೆ ನಿಂತಿತು. ಅದೇ ಕ್ಷಣ ಕೆಂಪು ದೀಪ ಹತ್ತಿ ಆರಿತು. ಅರ್ಧ ಗಂಟೆ ಬಿಟ್ಟು ಮತ್ತೆ ನಿಂತಿತು, ಮತ್ತೆ ದೀಪ. ಮೂರನೇ ಸಲ ಆದಾಗ ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ನಿಂತ ಕ್ಷಣ "ಈಗ" ಅಂದರು. ನಾನು ದೀಪ ನೋಡುತ್ತಿದ್ದೆ. ಸರಿಯಾಗಿ ಅದೇ ಕ್ಷಣ. ಅವರ ಕಿವಿ ಅರ್ಧ ಸೆಕೆಂಡಿನ ಮೌನವನ್ನು ಒಂದೂ ಬಿಡದೆ ಹಿಡಿಯುತ್ತಿತ್ತು. ಎಂಟು ತಿಂಗಳಿಂದ ಅದು ಸರಿಯಾಗಿಯೇ ದೂರು ಕೊಡುತ್ತಿತ್ತು, ದೂರು ಅದರ ಮೇಲೆಯೇ ಬರೆಯಲ್ಪಟ್ಟಿತ್ತು ಅಷ್ಟೆ.

ಲೆಡ್ಜರಿನ ಷರಾ ಕಾಲಂನಲ್ಲಿ ಅಪ್ಪ ಬರೆದರು: 'ದೀಪ ಬಂತು.' ಬರೆದು, ಅಡಿಗೆರೆ ಎಳೆದರು.

ಕಾರಣ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಲೆಡ್ಜರಿನಲ್ಲಿ ಒಂದು ವಾರದ ಲೆಕ್ಕ ನೋಡಿದರೆ ಎಲ್ಲವೂ ಸಂಜೆ ಆರೂವರೆಯಿಂದ ಒಂಬತ್ತೂವರೆ ಒಳಗೆ. ಬೆಳಿಗ್ಗೆ ಎರಡು ಗಂಟೆ ಹಾಕಿ ಬಿಟ್ಟರೂ ಒಂದು ಸಲವೂ ಇಲ್ಲ. ಬಿಸಿಯಾಗಿ ಹೀಗಾಗುತ್ತಿದೆಯೇ ಅಂತ ಡಬ್ಬಿಯ ಮುಚ್ಚಳ ತೆಗೆದು ಫ್ಯಾನ್ ಕೆಳಗಿಟ್ಟೆವು. ಪ್ರಯೋಜನ ಆಗಲಿಲ್ಲ.

ಸುಳಿವು ಕೊಟ್ಟಿದ್ದು ಅಮ್ಮ. ಆಪರೇಷನ್ ಆದ ಮೇಲೆ ಅವಳಿಗೆ ಒಲೆ ಮುಂದೆ ನಿಲ್ಲುವ ಹಾಗಿರಲಿಲ್ಲ, ಟಿ.ವಿ. ನೋಡುವ ಹಾಗಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಊಟದ ಮೇಜಿನ ಹತ್ತಿರ ಕೂತು ಬರೀ ಕೇಳಿಸಿಕೊಳ್ಳುವುದೇ ಕೆಲಸ. ಏಳನೇ ದಿನವೋ ಎಂಟನೇ ದಿನವೋ ಅಂದಳು, "ಅಲ್ರೀ, ಫ್ರಿಜ್ಜಿನ ಸ್ಟೆಬಿಲೈಸರ್ ಟಕ್ ಅಂದಾಗಲೆಲ್ಲ ನಿಮ್ಮ ಡಬ್ಬಿ ಬಾಯಿ ಮುಚ್ಕೊಳತ್ತಲ್ಲ?"

ಅಪ್ಪ ನಾನು ಮುಖ ಮುಖ ನೋಡಿಕೊಂಡೆವು.

ಅವತ್ತು ರಾತ್ರಿ ಫ್ರಿಜ್ಜಿನ ಪ್ಲಗ್ ಒಂದು ಗಂಟೆ ತೆಗೆದಿಟ್ಟೆವು. ಒಂದು ಸಲವೂ ಕಟ್ಟಾಗಲಿಲ್ಲ. ಹಾಕಿದೆವು, ಟಕ್ ಅಂದಿತು, ದೀಪ ಹತ್ತಿತು.

ಇದಕ್ಕೆ ಎರಡು ಕಾರಣ ಇರಬಹುದು. ಸ್ಟೆಬಿಲೈಸರಿನ ರಿಲೇ ಬಡಿದಾಗ ಹಾರುವ ಸಣ್ಣ ಕಿಡಿ ತಂತಿಗಳ ಮೂಲಕ ಬಂದು ಸಂಕೇತವನ್ನು ಕೆಡಿಸುತ್ತಿರಬಹುದು. ಇಲ್ಲವೇ ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವಾಗ ಎಳೆಯುವ ಜೋರು ಕರೆಂಟಿನಿಂದ ಮನೆಯ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತಿರಬಹುದು. ಮಲ್ಟಿಮೀಟರಿನಲ್ಲಿ ಕನಿಷ್ಠ ಅಂಕಿಯನ್ನು ಹಿಡಿದಿಡುವ ಸೌಲಭ್ಯ ಇತ್ತು. ಬೆಳಿಗ್ಗೆ ಸಾಕೆಟ್ಟಿನಲ್ಲಿ 230 ವೋಲ್ಟ್. ಸಂಜೆ ಬೀದಿಯ ಎಲ್ಲ ಮನೆಯ ಮೋಟರ್, ಮಿಕ್ಸಿ, ಗೀಸರ್ ಒಟ್ಟಿಗೆ ಓಡುವ ಹೊತ್ತಿಗೆ 205. ಕಂಪ್ರೆಸರ್ ಶುರುವಾದ ಕ್ಷಣ 185.

ಐದು ವೋಲ್ಟ್ ಕೊಡಬೇಕಾದ 7805 ರೆಗ್ಯುಲೇಟರಿಗೆ ತನ್ನ ಬಾಯಿಗೆ ಸುಮಾರು ಏಳು ವೋಲ್ಟ್ ಆದರೂ ಬೇಕು. ಅದಕ್ಕಿಂತ ಕಡಿಮೆಯಾದರೆ ಅದೂ ಕೈ ಬಿಡುತ್ತೆ. ಹಾಗೆ ಕೈ ಬಿಡುವುದಕ್ಕೆ ಎಲೆಕ್ಟ್ರಾನಿಕ್ಸ್‌ನಲ್ಲಿ ಇರುವ ಹೆಸರೂ ಡ್ರಾಪ್‌ಔಟ್! ಅಪ್ಪ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕತೊಡಗಿದರು. ಟ್ರಾನ್ಸ್‌ಫಾರ್ಮರಿನಿಂದ ಬರುವ ವೋಲ್ಟೇಜ್ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತೆ. ಇಳಿದಾಗ ಖಾಲಿ ಬೀಳದ ಹಾಗೆ ನೋಡಿಕೊಳ್ಳುವುದು ದೊಡ್ಡ ಕೆಪಾಸಿಟರ್. ನಮ್ಮ ಮನೆಯ ಸಂಪು ಇದ್ದ ಹಾಗೆ, ನಲ್ಲಿ ನಿಂತಾಗ ಅದರಿಂದ ಬಳಸಿಕೊಳ್ಳುವುದು. ಅಪ್ಪ ಹಾಕಿದ್ದದ್ದು 1000 ಮೈಕ್ರೊಫ್ಯಾರಡ್. ಡಬ್ಬಿ ಎಳೆಯುವ 150 ಮಿಲಿಆಂಪಿಯರಿಗೆ ಅಷ್ಟು ದೊಡ್ಡ ಸಂಪು ಇದ್ದರೆ ಮಟ್ಟ ಒಂದು ಕಾಲು ವೋಲ್ಟಿಗಿಂತ ಹೆಚ್ಚು ಇಳಿಯಬಾರದು. 185 ವೋಲ್ಟಿನಲ್ಲೂ ರೆಗ್ಯುಲೇಟರಿಗೆ ಎಂಟು ವೋಲ್ಟ್ ಮೇಲೆಯೇ ಸಿಗಬೇಕು.

ಕೆಪಾಸಿಟರ್ ಬಿಚ್ಚಿ ಅಳೆದೆವು. ಸುಮಾರು 300. ಸಂಪಿನ ಮುಕ್ಕಾಲು ಭಾಗ ಹೂಳು ತುಂಬಿದ ಹಾಗೆ!

ಈಗ ಲೆಕ್ಕ ಸರಿಹೋಯಿತು. 300 ಇದ್ದರೆ ಮಟ್ಟ ಪ್ರತಿ ಸಲ ನಾಲ್ಕು ವೋಲ್ಟ್ ಇಳಿಯುತ್ತೆ. ಬೆಳಿಗ್ಗೆ 230 ಇದ್ದಾಗ ತೀರಾ ತಳ ಮುಟ್ಟಿದರೂ ಎಂಟೂವರೆ ವೋಲ್ಟ್ ಮೇಲೆ, ತೊಂದರೆ ಇಲ್ಲ. ಸಂಜೆ 205ಕ್ಕೆ ಏಳರ ಮೇಲೆ ಚೂರು, ದಡದ ಅಂಚಿನಲ್ಲಿ. ಫ್ರಿಜ್ ಶುರುವಾಗಿ 185 ಆದ ಕ್ಷಣ ಆರು. ಐದು ವೋಲ್ಟ್ ನಡುಗುತ್ತೆ, ಚಿಪ್ಪಿನ ಗಡಿಯಾರ ನಡುಗುತ್ತೆ, ತಾಳ ತಪ್ಪುತ್ತೆ, ಟ್ರಾನ್ಸಿಸ್ಟರ್ ಬಾಯಿ ಮುಚ್ಚಿಸುತ್ತೆ.

ಲೆಕ್ಕವನ್ನು ನಂಬಿ ಸುಮ್ಮನಾಗದೆ ಪರೀಕ್ಷೆಯೂ ಮಾಡಿದೆವು. ಹಳೇ ಕೆಪಾಸಿಟರನ್ನು ಮತ್ತೆ ಹಾಕಿ, ಅದಕ್ಕೆ ಸಮಾನಾಂತರವಾಗಿ ಹೊಸ 1000 ಮೈಕ್ರೊಫ್ಯಾರಡ್ ಒಂದನ್ನು ತಾತ್ಕಾಲಿಕವಾಗಿ ಕೂಡಿಸಿದೆವು. ಬೇರೇನೂ ಬದಲಾಯಿಸಲಿಲ್ಲ. ರಿಲೇಯ ಕಿಡಿಯೇ ಕಾರಣವಾಗಿದ್ದರೆ ತೊಂದರೆ ಮುಂದುವರಿಯುವ ಸಂಭವ ಹೆಚ್ಚು. ಅವತ್ತು ಸಂಜೆ ಸ್ಟೆಬಿಲೈಸರ್ ಆರು ಸಲ ಟಕ್ ಅಂದಿತು. ಆರು ಸಲವೂ ಅಮ್ಮ "ಟಕ್" ಅಂದಳು, ನಾನು ದೀಪ ನೋಡಿದೆ, ಅಪ್ಪ ವೀಣೆ ಕೇಳಿದರು. ದೀಪ ಹತ್ತಲೇ ಇಲ್ಲ.

ಕೆಪಾಸಿಟರ್ ಯಾಕೆ ಬತ್ತಿತು ಅಂದರೆ ವಯಸ್ಸು ಮತ್ತು ಬಿಸಿ. ಈ ಬಗೆಯ ಕೆಪಾಸಿಟರ್ ಒಳಗೆ ದ್ರವ ಇರುತ್ತೆ, ಅದು ವರ್ಷಗಳ ಮೇಲೆ ಆರುತ್ತೆ. ಸಾಮಾನ್ಯ ಕೆಪಾಸಿಟರಿಗೆ 85 ಡಿಗ್ರಿಯಲ್ಲಿ 2000 ಗಂಟೆ ಬಾಳಿಕೆ ಅಂತ ಬರೆದಿದ್ದರೆ, ಬಿಸಿ ಹತ್ತು ಡಿಗ್ರಿ ಕಡಿಮೆಯಾದಂತೆಲ್ಲ ಆಯಸ್ಸು ಎರಡರಷ್ಟಾಗುತ್ತೆ ಅನ್ನುವುದು ಅಂದಾಜಿನ ಸೂತ್ರ. ರೆಗ್ಯುಲೇಟರ್ ಪಕ್ಕದಲ್ಲಿ 45 ಡಿಗ್ರಿ ಅಂತಿಟ್ಟುಕೊಂಡರೆ 32,000 ಗಂಟೆ. ದಿನಕ್ಕೆ ನಾಲ್ಕೈದು ಗಂಟೆಯಂತೆ ಇಪ್ಪತ್ತು ವರ್ಷಕ್ಕೆ ಡಬ್ಬಿ ಓಡಿದ್ದು ಹತ್ತಿರ ಹತ್ತಿರ ಅಷ್ಟೇ. "ಅದು ಪಾಪ ತನ್ನ ಸರ್ವಿಸ್ ಪೂರ್ತಿ ಮಾಡಿದೆ" ಅಂದರು ಅಪ್ಪ. ಅದರ ಜಾಗಕ್ಕೆ 105 ಡಿಗ್ರಿ ತಾಳುವ 2200 ಮೈಕ್ರೊಫ್ಯಾರಡ್ ಬಂತು, ರೆಗ್ಯುಲೇಟರಿನಿಂದ ಎರಡು ಇಂಚು ದೂರದಲ್ಲಿ. ಅದರ ಬೆಸುಗೆ ಅಪ್ಪನೇ ಹಾಕಿದರು. ಮೊಣಕೈ ಎರಡನ್ನೂ ಮೇಜಿಗೆ ಊರಿಕೊಂಡು, ನಿಧಾನಕ್ಕೆ.

ಇಲ್ಲಿಗೆ ಡಬ್ಬಿಯ ಕಥೆ ಮುಗಿಯಿತು. ಡ್ರಾಯರಿನಲ್ಲಿದ್ದ ಕಾಗದದ ಕಥೆ ಉಳಿದಿತ್ತು.

ಡಬ್ಬಿ ಸರಿಹೋದ ಮೂರನೇ ದಿನ ಅಪ್ಪನೇ ಅದನ್ನು ತಂದು ನನ್ನ ಮುಂದಿಟ್ಟರು. "ಇದೂ ಒಂದು ಇದೆ, ನೋಡು" ಅಂದರು. ಆಡಿಯೋಗ್ರಾಮಿನ ಗೆರೆ ಎಡಗಡೆ ಸಮವಾಗಿದ್ದು, 2000 ಹರ್ಟ್ಸ್ ದಾಟಿದ ಮೇಲೆ ಇಳಿಜಾರಾಗಿತ್ತು. ವಯಸ್ಸಾದಂತೆ ಬರುವ ಕಿವುಡಿನ ರೀತಿ ಇದೇ. ಎರಡೂ ಕಿವಿಯಲ್ಲಿ, ಮೇಲಿನ ಸ್ಥಾಯಿಯಿಂದ ಶುರುವಾಗಿ, ಮೆಲ್ಲಗೆ. ವೀಣೆಯ ನಾದ ಚೆನ್ನಾಗಿ ಕೇಳುತ್ತೆ, ಆದರೆ ಮಾತಿನಲ್ಲಿ ಸ, ಶ, ತ ಥರದ ಅಕ್ಷರಗಳು ಜಾರಿಹೋಗುತ್ತವೆ. ಫೋನಿನಲ್ಲಿ ಇನ್ನೂ ಕಷ್ಟ. ಅರ್ಧ ಸೆಕೆಂಡು ಪೂರ್ತಿ ಮೌನವಾಗಿ ಮತ್ತೆ ಪೂರ್ತಿ ವಾಪಸು ಬರುವುದು ಈ ಕಿವುಡಿನ ಜಾಯಮಾನವೇ ಅಲ್ಲ.

ಅಂದರೆ ಮನೆಯಲ್ಲಿ ಎರಡು ದೋಷ ಇದ್ದವು. ಒಂದು ಡಬ್ಬಿಯದು, ಇದ್ದಕ್ಕಿದ್ದಂತೆ ಬಂದು ಹೋಗುವಂಥದ್ದು. ಇನ್ನೊಂದು ಕಿವಿಯದು, ಮೆಲ್ಲಗೆ ಬರುವಂಥದ್ದು. ಎರಡೂ ಬೆರೆತು ಹೋಗಿದ್ದಾಗ ಅಪ್ಪನಿಗೆ ಎಲ್ಲವೂ ಮುಗಿಯಿತು ಅನ್ನಿಸಿತ್ತು. ಬೇರೆ ಬೇರೆ ಮಾಡಿ ಇಟ್ಟ ಮೇಲೆ ಎರಡನೆಯದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. ನಮ್ಮ ಮನೆಯ ಹಿರಿಯರು ಒಂದೊಂದಾಗಿ ವಿಷಯಗಳನ್ನು ಬಿಡುತ್ತಾ ಬಂದಾಗ 'ವಯಸ್ಸಾಯ್ತು' ಅನ್ನುವ ಒಂದೇ ಪದದಲ್ಲಿ ಎಲ್ಲವನ್ನೂ ಕಟ್ಟಿಬಿಡುವುದು ಸುಲಭ. ಅವರೂ ಹಾಗೇ ಕಟ್ಟಿಕೊಳ್ಳುತ್ತಾರೆ. ಆ ಗಂಟಿನೊಳಗೆ ಹತ್ತಿಪ್ಪತ್ತು ರೂಪಾಯಿಯ ಒಂದು ಕೆಪಾಸಿಟರೂ ಇರಬಹುದು. ಹಳೇ ಕನ್ನಡಕದ ನಂಬರ್ ಇರಬಹುದು, ಸಣ್ಣ ಅಕ್ಷರದ ಫೋನ್ ಇರಬಹುದು. ಬಿಚ್ಚಿ ನೋಡದೆ ಗೊತ್ತಾಗಲ್ಲ. ಬಿಚ್ಚಬೇಕಾದರೆ ಪಕ್ಕದಲ್ಲಿ ಕೂತು ಅವರು ಕೇಳುವುದನ್ನು ನಾವೂ ಒಂದು ಸಂಜೆ ಕೇಳಬೇಕು.

ಬೆಂಗಳೂರಿಗೆ ವಾಪಸು ಹೊರಡುವ ಮುಂಚೆ ಅಪ್ಪನ ಜೊತೆ ಮಾನಸಗಂಗೋತ್ರಿಗೆ ಹೋಗಿದ್ದೆ, ಶ್ರವಣ ಸಾಧನ ಹಾಕಿ ನೋಡಲು. ಲೆಡ್ಜರ್ ಕಂಕುಳಲ್ಲಿತ್ತು. ಈಗಿನ ಶ್ರವಣ ಸಾಧನಗಳೆಲ್ಲ ಡಿಜಿಟಲ್. ಹೊರಗಿನ ಶಬ್ದವನ್ನು ಅಂಕಿಯಾಗಿಸಿ, ಬೇಕಾದ ಸ್ಥಾಯಿಯನ್ನು ಮಾತ್ರ ಎತ್ತರಿಸಿ, ಮತ್ತೆ ಅಲೆಯಾಗಿಸಿ ಕಿವಿಗೆ ಕೊಡುತ್ತವೆ. ಅಲ್ಲಿದ್ದ ಹುಡುಗಿ ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿ, "ಅಜ್ಜಾ, ಏನಾದರೂ ಕೇಳೋದಿದೆಯಾ?" ಅಂದಳು.

ಅಪ್ಪ ಲೆಡ್ಜರ್ ತೆರೆದು ಹೊಸ ಪುಟದಲ್ಲಿ ಗೆರೆ ಎಳೆದುಕೊಂಡರು. "ಇದರ ಸ್ಯಾಂಪ್ಲಿಂಗ್ ರೇಟ್ ಎಷ್ಟಮ್ಮಾ?" ಅಂದರು.